ಓದಿನ ಲೆಕ್ಕದ ಸ್ಕ್ರಿಪ್ಟ್: ಇಂಡೆಕ್ಸ್ ಎರರ್ ಎಲ್ಲಿಂದ ಬಂತು?

ಓದಿದ ಪುಸ್ತಕಗಳ ಲೆಕ್ಕ ಇಡುವ ನನ್ನ ಪೈಥಾನ್ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಈಗ ಫೈಲನ್ನು ಕೊನೆಯವರೆಗೂ ಓದುತ್ತಿದೆ. ಪ್ರತಿ ಸಾಲಿನಲ್ಲಿ ಪುಸ್ತಕ, ಲೇಖಕರು, ಪುಟ ಎಂದು ಮೂರು ವಿವರ, ನಡುವೆ ಕಾಮಾ. ಸಾಲನ್ನು ಕಾಮಾ ಇರುವಲ್ಲಿ ಸ್ಪ್ಲಿಟ್ ಮಾಡಿ (ತುಂಡರಿಸಿ), ಸಿಗುವ ‘ಭಾಗ’ ಎಂಬ ಲಿಸ್ಟಿನಿಂದ ಭಾಗ[2] ಅನ್ನು, ಅಂದರೆ ಪುಟಗಳನ್ನು, ಮೊತ್ತಕ್ಕೆ ಸೇರಿಸಬೇಕು, ಅಷ್ಟೇ ಕೆಲಸ. (ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ಪೈಥಾನ್ 3 ಇದಕ್ಕೆ ಒಪ್ಪುತ್ತದೆ, ಓದೋಕೂ ಹಿತವಾಗಿದೆ.)

ತೊಂದರೆ ಏನೆಂದರೆ, ಎಲ್ಲ ಪುಸ್ತಕಗಳೂ ಪ್ರಿಂಟ್ ಆದ ಮೇಲೆ ‘ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್’ (ಲಿಸ್ಟಿನಲ್ಲಿ ಇಲ್ಲದ ಜಾಗವನ್ನು ಕೇಳಿದ್ದೀರಿ) ಎಂದು ಬಂದು ನಿಂತುಬಿಡುತ್ತಿತ್ತು. ಪೈಥಾನ್ 3.11ರಿಂದ ಈಚೆಗೆ ಟ್ರೇಸ್‌ಬ್ಯಾಕ್ (ಎರರ್ ಬಂದಾಗ ಕಾಣುವ ವರದಿ) ಸಾಲಿನ ನಂಬರ್ ಕೊಟ್ಟು ಸುಮ್ಮನಾಗುವುದಿಲ್ಲ. ಆ ಸಾಲಿನಲ್ಲಿ ತಪ್ಪಿದ್ದು ಎಲ್ಲಿ ಎಂದು ಕೆಳಗೆ ಗುರುತು ಹಾಕಿ ತೋರಿಸುತ್ತದೆ. ಗುರುತು ಭಾಗ[2] ಕೆಳಗೇ ಇತ್ತು.

ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೂರನೆಯ ವಿವರಕ್ಕೆ 2 ಸರಿಯಾಗಿಯೇ ಇದೆ. ಅದನ್ನು 1 ಮಾಡಿದರೆ ಲೇಖಕರ ಹೆಸರು ಪುಟದ ಜಾಗಕ್ಕೆ ಬರುತ್ತದೆ. ಇಂಡೆಕ್ಸ್ ಸರಿ ಇದ್ದರೆ ಲಿಸ್ಟೇ ಚಿಕ್ಕದಿರಬೇಕು, ಅಲ್ವಾ? ಆ ಸಾಲಿನ ಮುಂಚೆ ಒಂದು ಪ್ರಿಂಟ್ ಸೇರಿಸಿ, ರೆಪ್ರ್ (repr) ಮೂಲಕ ಸಾಲನ್ನೂ ಲೆನ್ (len) ಮೂಲಕ ಲಿಸ್ಟಿನ ಉದ್ದವನ್ನೂ ನೋಡಿದೆ. ಬರೀ ಪ್ರಿಂಟ್‌ನಲ್ಲಿ ಕಾಣದ ಸ್ಪೇಸ್, ಹೊಸ ಸಾಲಿನ ಗುರುತು ಎಲ್ಲವೂ ರೆಪ್ರ್‌ನಲ್ಲಿ ಕಾಣುತ್ತವೆ. ಕೊನೆಯ ಸಾಲಿನಲ್ಲಿ ಹೊಸ ಸಾಲಿನ ಗುರುತು ಬಿಟ್ಟು ಬೇರೇನೂ ಇರಲಿಲ್ಲ. ಫೈಲಿನ ತುದಿಯಲ್ಲಿ ಒಂದು ಖಾಲಿ ಸಾಲು!

ನನಗೆ ತುಂಬ ಇಷ್ಟವಾದ ವಿಷಯ ಇಲ್ಲಿದೆ. ಖಾಲಿ ಸಾಲಿನ ಲಿಸ್ಟ್ ಖಾಲಿ ಇರಲಿಲ್ಲ, ಉದ್ದ 1 ಇತ್ತು. ಕಾಮಾ ಕೊಟ್ಟು ಸ್ಪ್ಲಿಟ್ ಮಾಡಿದರೆ ಏನೂ ಇಲ್ಲದ ಸ್ಟ್ರಿಂಗ್‌ನಿಂದಲೂ (ಅಕ್ಷರಗಳ ಸಾಲಿನಿಂದಲೂ) ಒಂದು ಖಾಲಿ ಸ್ಟ್ರಿಂಗ್ ಇರುವ ಲಿಸ್ಟ್ ಸಿಗುತ್ತದೆ. ಏನೂ ಕೊಡದೆ ಸ್ಪ್ಲಿಟ್ ಮಾಡಿದರೆ ಮಾತ್ರ ನಿಜವಾದ ಖಾಲಿ ಲಿಸ್ಟ್. ಆದ್ದರಿಂದ ‘ಲಿಸ್ಟ್ ಖಾಲಿಯೇ?’ ಎಂದು ಕೇಳಿ ಪ್ರಯೋಜನವಿಲ್ಲ. ಸಾಲನ್ನು ಮೊದಲು ಸ್ಟ್ರಿಪ್ ಮಾಡಿ (ಎರಡೂ ತುದಿಯ ಸ್ಪೇಸ್, ಹೊಸ ಸಾಲಿನ ಗುರುತು ತೆಗೆದು), ಏನೂ ಉಳಿಯದಿದ್ದರೆ ಮುಂದಿನ ಸಾಲಿಗೆ ಹೋಗಲು ಕಂಟಿನ್ಯೂ ಹಾಕಿದೆ. ಎರರ್ ಹೋಯಿತು.

ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಹಾಕಿ ಎರರನ್ನು ನುಂಗಿಬಿಡಬಹುದಿತ್ತು. ಅದು ಬೇಡ ಅನ್ನಿಸಿತು. ಪುಟದ ಸಂಖ್ಯೆ ಬರೆಯದ ಸಾಲು ಮುಂದೆ ಬಂದರೆ ಅದೂ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಮೊತ್ತ ತಪ್ಪಾಗುತ್ತದೆ.

ಎರಡು ಸಲ ಬರೆದ ಪುಸ್ತಕಗಳನ್ನು ತೆಗೆಯುವ ಲೂಪಿನಲ್ಲೂ ಇದೇ ಎರರ್ ಬಂತು, ಕಾರಣ ಬೇರೆ. ಲೂಪ್ ಶುರುವಾಗುವಾಗಲೇ ರೇಂಜ್ (ನೋಡಬೇಕಾದ ಇಂಡೆಕ್ಸ್‌ಗಳ ಸಾಲು) ನಿಗದಿಯಾಗುತ್ತದೆ. ಐದು ಪುಸ್ತಕಗಳಿದ್ದರೆ 0ಯಿಂದ 4. ನಡುವೆ ಅಳಿಸುವ ಆದೇಶವಾದ ಡೆಲ್ ಒಂದನ್ನು ತೆಗೆದರೆ 4ರ ಜಾಗವೇ ಇಲ್ಲ. ಅಷ್ಟೇ ಅಲ್ಲ, ತೆಗೆದದ್ದರ ಮುಂದಿನದು ಹಿಂದಕ್ಕೆ ಸರಿದು ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಈಗ ಹಳೆಯ ಲಿಸ್ಟನ್ನು ಮುಟ್ಟದೆ, ಬೇಕಾದ್ದನ್ನಷ್ಟೇ ಹೊಸ ಲಿಸ್ಟಿಗೆ ಸೇರಿಸುತ್ತಿದ್ದೇನೆ.

ಇನ್ನು ಉಳಿದದ್ದು ಹೆಸರಿನೊಳಗೇ ಕಾಮಾ ಇರುವ ಪುಸ್ತಕಗಳು. ಅದಕ್ಕೆ ಕಾಮಾ ಇರುವ ಫೈಲುಗಳನ್ನು ಓದಲೆಂದೇ ಪೈಥಾನ್‌ನಲ್ಲಿರುವ ಸಿಎಸ್‌ವಿ ಮಾಡ್ಯೂಲಿನ ಡಿಕ್ಟ್‌ರೀಡರ್ ಬಳಸುತ್ತೇನೆ. ಖಾಲಿ ಸಾಲುಗಳನ್ನು ಅದು ತಾನೇ ದಾಟಿಹೋಗುತ್ತದೆ.