ಕಡಿಮೆ ದುಡ್ಡಿಗೆ ಯಾವ ಲೆನ್ಸ್? ತಗೊಳ್ಳಿ ಉತ್ತರ

"ಅಣ್ಣಾ, ವಿಡಿಯೋ ಮಾಡೋಕೆ ಕಡಿಮೆ ರೇಟಲ್ಲಿ ಯಾವ ಲೆನ್ಸ್ ತಗೊಳ್ಳಲಿ? ಹಿಂದೆ ಎಲ್ಲಾ ಬ್ಲರ್ ಆಗ್ಬೇಕು, ಸಿನಿಮಾ ಥರ." ಕೊಡಗಿನಲ್ಲಿ ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ ಡಿಎಸ್‌ಎಲ್‌ಆರ್ ಕೊಂಡವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

ಕ್ಯಾನನ್ ಇದ್ದರೆ 50 ಎಂ.ಎಂ. ಎಫ್/1.8 ಎಸ್‌ಟಿಎಂ. ನಿಕಾನ್ ಇದ್ದರೆ 35 ಎಂ.ಎಂ. ಎಫ್/1.8 ಡಿಎಕ್ಸ್. ಕ್ಯಾನನ್‌ನ ಹಳೆಯ 50 ಅಗ್ಗಕ್ಕೆ ಸಿಗುತ್ತದೆ ಅಂತ ಅದಕ್ಕೆ ಕೈ ಹಾಕಬೇಡಿ. ಫೋಕಸ್ ಹುಡುಕುವಾಗ ಅದು ಗರಗರ ಅನ್ನುತ್ತದೆ, ಆ ಸದ್ದು ಸೀದಾ ಕ್ಯಾಮೆರಾದ ಮೈಕಿಗೆ ಹೋಗುತ್ತದೆ. 2015ರಲ್ಲಿ ಬಂದ ಎಸ್‌ಟಿಎಂ ಅಷ್ಟು ಗಲಾಟೆ ಮಾಡುವುದಿಲ್ಲ. ಆಯ್ತಲ್ಲ? ಫೋನ್ ಇಡಿ.

ಇಡುವುದಿಲ್ಲ. "ಅದ್ರಲ್ಲಿ ಬ್ಲರ್ ಚೆನ್ನಾಗಿ ಬರುತ್ತಾ?"

ಕಾಫಿ ತೋಟ, ಕೊಡವರ ಹಿರಿಯರ ಕಾಲದ ಐನ್‌ಮನೆ, ಹಿಂದೆ ಬೆಟ್ಟ, ಇಷ್ಟೆಲ್ಲ ಇಟ್ಟುಕೊಂಡು ಅದು ಕಾಣದ ಹಾಗೆ ಮಾಡೋಕೆ ದುಡ್ಡು ಕೊಡುವವರು ನಾವೇ ಇರಬೇಕು. ಸರಿ, ಬರುತ್ತದೆ. ಆದರೆ ಬಿಸಿಲಿನಲ್ಲಿ ಬರುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಅಂದರೆ ಶಟರ್ 1/50 ಇಡಬೇಕು, ಇಲ್ಲದಿದ್ದರೆ ಓಡಾಟ ಕುಪ್ಪಳಿಸಿದ ಹಾಗೆ ಕಾಣುತ್ತದೆ. ನೆತ್ತಿ ಮೇಲೆ ಬಿಸಿಲಿದ್ದಾಗ ಐಎಸ್‌ಒ, ಅಂದರೆ ಸೆನ್ಸರಿನ ಸೂಕ್ಷ್ಮತೆ, 100ಕ್ಕೆ ಇಳಿಸಿದರೂ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್/22ರ ಹತ್ತಿರ ಒಯ್ಯಬೇಕಾಗುತ್ತದೆ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು, ಬ್ಲರ್ ಕಡಿಮೆ. ಎಲ್ಲಿ ಬಂತು ಬ್ಲರ್? ಎನ್‌ಡಿ ಫಿಲ್ಟರ್ ಹಾಕಿ ಬೆಳಕು ಕಡಿಮೆ ಮಾಡಿದರೆ ಮಾತ್ರ. ಹಾಗಾಗಿ ಲೆನ್ಸಿನ ಲೆಕ್ಕದಲ್ಲೇ ಫಿಲ್ಟರಿನ ದುಡ್ಡನ್ನೂ ಸೇರಿಸಿ. ನಿಮ್ಮ ಹತ್ತಿರ ಇರುವ ದೊಡ್ಡ ಲೆನ್ಸಿನ ಅಳತೆಗೆ ಒಂದು ತಗೊಂಡು, ಚಿಕ್ಕದಕ್ಕೂ ಅದೇ ಫಿಲ್ಟರ್ ಕೂರುವ ಹಾಗೆ ಸ್ಟೆಪ್ ಅಪ್ ರಿಂಗ್ ಹಾಕಿ.

ಒಂದು ಕೊಡವ ಮದುವೆಯಲ್ಲಿ ಗಂಗಾಪೂಜೆ ನಡೆದಿತ್ತು. ನೋಡದವರಿಗೆ ಹೇಳುತ್ತೇನೆ: ಮದುಮಗಳು ತಲೆ ಮೇಲೆ ನೀರಿನ ಕೊಡ ಇಟ್ಟುಕೊಂಡು ಬರುತ್ತಾಳೆ, ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ಎದುರು ನಿಂತು ದಾರಿ ಬಿಡುವುದಿಲ್ಲ. ಅವಳು ಒಂದೊಂದೇ ಹೆಜ್ಜೆ ಮುಂದೆ ಬರಬೇಕು, ಗಂಟೆಗಟ್ಟಲೆ ಆಗಬಹುದು. ನಾನು ಕಿಟ್ ಲೆನ್ಸ್ ಹಾಕಿ, ಹಿಂದೆ ಹಿಂದೆ ನಡೆಯುತ್ತಾ ಶೂಟ್ ಮಾಡುತ್ತಿದ್ದೆ. ಕುಪ್ಯ, ಅಂದರೆ ಕೊಡವರ ಉದ್ದ ಕೋಟು, ಹಾಕಿದ ಒಬ್ಬರು ಪಕ್ಕಕ್ಕೆ ಬಂದು ಕಿವಿಯ ಹತ್ತಿರವೇ ಶುರು ಮಾಡಿದರು. "ಇದು ಕ್ಯಾಮೆರಾ ಜೊತೆ ಬರೋ ಲೆನ್ಸ್ ಅಲ್ವಾ? ದೊಡ್ಡದು ಇಲ್ವಾ ನಿಮ್ಹತ್ರ? ನನ್ನ ಮಗನಿಗೆ ಯಾವ್ದು ತೆಗೆಸಿಕೊಡ್ಲಿ?" ತಲೆ ಆಡಿಸಿದೆ, ಹೋಗಲಿಲ್ಲ. ಆಮೇಲೆ ಎಡಿಟ್ ಮಾಡಲು ಕೂತಾಗ ನೋಡಿದರೆ, ಕೊಡ ಹೊತ್ತು ಬರುವ ಹುಡುಗಿ, ಹಿಂದೆ ವಾಲಗ, ಅದರ ಮೇಲೆ ಸ್ಪಷ್ಟವಾಗಿ "ಸೆಕೆಂಡ್ ಹ್ಯಾಂಡ್ ಆದ್ರೆ ಎಷ್ಟಾಗುತ್ತೆ?" ಮದುವೆ ಮನೆಯವರು ಅದು ಯಾರ ದನಿ ಅಂತ ಗುರುತು ಹಿಡಿದು ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಕಿಟ್ ಲೆನ್ಸ್ ಯಾಕೆ ಅಂದರೆ, ಅಲ್ಲಿ 50 ಹಾಕಿ ಎಫ್/1.8ರಲ್ಲಿ ಶೂಟ್ ಮಾಡಿದರೆ ಎದುರು ಕುಣಿಯುವ ಭಾವನ ಮೀಸೆ ಚೂಪಾಗಿ ಬರುತ್ತದೆ, ಮದುಮಗಳು ಬ್ಲರ್. ನಿಮಗೆ ಬೇಕಾಗಿದ್ದ ಬ್ಲರ್ ಅದೇನಾ? ಕ್ಯಾನನ್‌ನ ಸಣ್ಣ ಸೆನ್ಸರಿನಲ್ಲಿ 50 ಅನ್ನುವುದು 80ರಷ್ಟು ಹತ್ತಿರ ಕಾಣುತ್ತದೆ, ಐನ್‌ಮನೆಯ ಒಳಗೆ ಗೋಡೆಗೆ ಬೆನ್ನು ಆನಿಸಿ ನಿಂತರೂ ಮನೆಮಂದಿಯೆಲ್ಲ ಫ್ರೇಮಿಗೆ ಸೇರುವುದಿಲ್ಲ. ಕಿಟ್ ಲೆನ್ಸ್ ಆದ 18-55 ಐಎಸ್ ಅಗಲವಾಗಿ ಹಿಡಿಯುತ್ತದೆ, ಕೈ ನಡುಗುವುದನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಅದು ಈಗಾಗಲೇ ನಿಮ್ಮ ಹತ್ತಿರ ಇದೆ. ಫ್ರೀ! ಅದರ ಮೇಲೆ ಇನ್ನೊಂದು ಬೇಕೇ ಬೇಕು ಅಂದರೆ 24 ಎಂ.ಎಂ. ಎಫ್/2.8 ಎಸ್‌ಟಿಎಂ ನೋಡಿ. ತೆಳ್ಳಗಿದೆ, ಜೇಬಿಗೆ ಹಾಕಿಕೊಳ್ಳಬಹುದು.

ಇನ್ನೂ ಅಗ್ಗಕ್ಕೆ ಬೇಕಾದವರಿಗೆ ಹಳೆಯ ಮ್ಯಾನುಯಲ್ ಲೆನ್ಸುಗಳಿವೆ, ಹೆಲಿಯೋಸ್ 44-2, ಟಾಕುಮಾರ್, ಇಂಥವು. ಅವುಗಳ ಫೋಕಸ್ ರಿಂಗ್ ನಿಧಾನಕ್ಕೆ ತಿರುಗುತ್ತದೆ, ಎರಡೂ ತುದಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ವಿಡಿಯೋಗೆ ಬೇಕಾದದ್ದೇ ಅದು. ಆದರೆ ಕ್ಯಾನನ್ ಇದ್ದವರು ಮಾತ್ರ ತಗೊಳ್ಳಿ. ಎಂ42 ಅನ್ನುವ ತಿರುಪಿನ ಮೌಂಟಿರುವ ಆ ಲೆನ್ಸುಗಳು ಸೆನ್ಸರಿನಿಂದ 45.46 ಮಿ.ಮೀ. ದೂರ ಕೂರಬೇಕು. ಕ್ಯಾನನ್‌ನಲ್ಲಿ ಆ ದೂರ 44, ಉಳಿದ ಜಾಗದಲ್ಲಿ ಅಡಾಪ್ಟರ್ ರಿಂಗ್ ಕೂರುತ್ತದೆ. ನಿಕಾನ್‌ನಲ್ಲಿ 46.5, ಹಾಗಾಗಿ ಒಳಗೆ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ ಬೆಟ್ಟ ಫೋಕಸ್ಸಿಗೇ ಬರುವುದಿಲ್ಲ. ನಿಮಗೆ ಬೆಟ್ಟ ಬೇಡ ಅನ್ನಿ.

ಹಳೆಯದು ಕೊಳ್ಳುವಾಗ ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನ ಒಳಗೆ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳಂಥ ಬಿಳಿ ಗೆರೆ ಅಂಚಿನಿಂದ ಒಳಕ್ಕೆ ಹರಡಿದ್ದರೆ ಅದು ಫಂಗಸ್, ಬೂಷ್ಟು. ಎಷ್ಟೇ ಅಗ್ಗ ಇರಲಿ, ಅಲ್ಲೇ ಬಿಟ್ಟು ಬನ್ನಿ.

ಕೇಳಬೇಕಾದ್ದು ಇದನ್ನು ಸ್ವಾಮಿ! ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬೆಲ್ಟ್, ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿದು. ಇಲ್ಲಿ ಲೆನ್ಸ್ ಹೇಗೆ ಉಳಿಸಿಕೊಳ್ತೀರಿ ಅಂತ ಯಾರಾದರೂ ಕೇಳಿದ್ದಾರಾ? ಇಲ್ಲ. 10,000 ರೂಪಾಯಿ ಆಸುಪಾಸಿನ ಲೆನ್ಸ್ ತಂದು, ಕ್ಯಾಮೆರಾ ಬ್ಯಾಗಿನೊಳಗೇ ಮಳೆಗಾಲ ಕಳೆಯುತ್ತಾರೆ. ಆ ಬ್ಯಾಗಿನ ಬಟ್ಟೆ, ಫೋಮು ತೇವ ಹಿಡಿದುಕೊಂಡು ಕೂತಿರುತ್ತದೆ. ಫಂಗಸ್ ಬೆಳೆದರೆ ಗಾಜಿನ ಕೋಟಿಂಗ್ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗದೆ ಇರಬಹುದು.

ರಬ್ಬರ್ ಅಂಚಿರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಮುಳ್ಳು 40ರಿಂದ 50 ಪರ್ಸೆಂಟ್ ನಡುವೆ ಇದ್ದರೆ ನಿಶ್ಚಿಂತೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿತು ಅಂತ ಲೆಕ್ಕ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಕಿಟಕಿ ತೆಗೆದಿಟ್ಟು ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ತಣ್ಣಗಾದ ಮೇಲೆ ಡಬ್ಬಕ್ಕೆ ಹಾಕಿ. ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೇದೇ, ಆದರೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಅಂತ ನಿಮಗೇ ಗೊತ್ತು. ಅಕ್ಕಿ ಡಬ್ಬದಲ್ಲಿ ಮಾತ್ರ ಇಡಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗೆಲ್ಲ ಸೇರುತ್ತದೆ.

ಇನ್ನು "ಒಂದಿನಕ್ಕೆ ನಿಮ್ಮ ಲೆನ್ಸ್ ಕೊಡ್ತೀರಾ, ಟೆಸ್ಟ್ ಮಾಡಿ ನೋಡ್ತೀನಿ" ಅನ್ನುವವರಿಗೆ: ಕೊಡುವುದಿಲ್ಲ.