ಕೊಡೆ ಚೆನ್ನಾಗಿದೆ, ಕಾಸು ಯಾರದ್ದು?

12 ಮಾರ್ಚ್ 2025, ಬುಧವಾರ
ಮ್ಯಾಂಚೆಸ್ಟರ್

ನಿನ್ನೆಯಿಂದ ಈ ಊರಲ್ಲಿ ಎರಡೇ ಪಕ್ಷ. ಹೊಸ ಸ್ಟೇಡಿಯಂ ಬೇಕು ಅನ್ನೋರು, ಬೇಡ ಅನ್ನೋರು. ಎದುರಾಳಿ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿಗಳದ್ದು ಮೂರನೇ ಪಕ್ಷ. ಅವರು ಸುಮ್ನೆ ನಗ್ತಾ ಕೂತಿದ್ದಾರೆ, ಅವರನ್ನ ಬಿಡಿ.

ನಮ್ಮ ಹಳೇ ಮೈದಾನ ಓಲ್ಡ್ ಟ್ರ್ಯಾಫರ್ಡ್ ಪಕ್ಕದಲ್ಲೇ ಒಂದು ಲಕ್ಷ ಸೀಟಿನ ಹೊಸ ಸ್ಟೇಡಿಯಂ ಕಟ್ಟುತ್ತೇವೆ ಅಂತ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ ನಿನ್ನೆ ಹೇಳಿತು. ಹೊಸದು ಎದ್ದ ಮೇಲೆ ಹಳೆಯದನ್ನು ಕೆಡವುವ ಯೋಚನೆ. ಖರ್ಚು ಸುಮಾರು 200 ಕೋಟಿ ಪೌಂಡ್. ವಿನ್ಯಾಸ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯದು. ಫಾಸ್ಟರ್ ಮ್ಯಾಂಚೆಸ್ಟರಿನಲ್ಲೇ ಬೆಳೆದವರು, ಈಗ 89 ವರ್ಷ. ವಿಡಿಯೊ ನೋಡಿದೆ. ಮೂರು ಎತ್ತರದ ಕಂಬ, ಒಂದೊಂದೂ ದೀಪಾವಳಿ ರಾಕೆಟ್ಟಿನ ಹಾಗೆ ನೆಟ್ಟಗೆ. ಎಲ್ಲಕ್ಕಿಂತ ಎತ್ತರದ್ದು 200 ಮೀಟರ್. ಅವುಗಳಿಂದ ಒಂದು ದೊಡ್ಡ ಕೊಡೆ ಇಳಿಬಿದ್ದು ಸ್ಟೇಡಿಯಮ್ಮನ್ನೂ ಅದರ ಸುತ್ತಲಿನ ಬಯಲನ್ನೂ ಮುಚ್ಚುತ್ತದೆ. ಆ ಬಯಲೇ ಲಂಡನ್ನಿನ ಟ್ರಫಾಲ್ಗರ್ ಸ್ಕ್ವೇರ್‌ನ ಎರಡರಷ್ಟಂತೆ. ಕೊಡೆ ಮಳೆನೀರು ಹಿಡಿಯುತ್ತದೆ, ಬಿಸಿಲಿನಿಂದ ಕರೆಂಟು ಮಾಡುತ್ತದೆ. ಮಳೆನೀರಿಗೆ ಇಲ್ಲಿ ಬರ ಇಲ್ಲ. ಬಿಸಿಲಿನ ಮಾತು ಆಮೇಲೆ ನೋಡೋಣ.

ತಾರೀಖು ನೋಡಿ ಆರಿಸಿದರೋ, ಹಾಗೇ ಕೂಡಿಬಂತೋ ಗೊತ್ತಿಲ್ಲ. 1941ರ ಮಾರ್ಚ್ 11ರಂದೇ ಜರ್ಮನ್ ಬಾಂಬುಗಳು ಓಲ್ಡ್ ಟ್ರ್ಯಾಫರ್ಡನ್ನು ಪುಡಿ ಮಾಡಿದ್ದು. ಆಮೇಲೆ 1949ರ ತನಕ ಯುನೈಟೆಡ್ ತನ್ನ ಮನೆ ಪಂದ್ಯಗಳನ್ನು ಸಿಟಿಯ ಮೇನ್ ರೋಡ್ ಮೈದಾನದಲ್ಲಿ ಬಾಡಿಗೆ ಕೊಟ್ಟು ಆಡಿತು. ಸಿಟಿಯವರು ಇದನ್ನ ಮರೆಯೋಕೆ ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಆಸ್ಪತ್ರೆಯ ಊಟದ ಕೋಣೆಯಲ್ಲಿ ಇವತ್ತು ಇದೇ ಮಾತು. ವಾರ್ಡಿನಲ್ಲಿ ಕಲ್ಲಿಕೋಟೆಯ ಹುಡುಗನೊಬ್ಬ ನರ್ಸ್ ಇದ್ದಾನೆ. ಯುನೈಟೆಡ್ ಅಂದ್ರೆ ಪ್ರಾಣ. ಅವನು ಹೊಸದರ ಪಕ್ಷ, ಅದೂ ಎರಡು ಕೈ ಎತ್ತಿ.

"ಚೇಚಿ, 2028ರ ಯೂರೋ ಕಪ್ ಈ ದೇಶಕ್ಕೆ ಬರ್ತಿದೆ. ಸಿಟಿಯ ಸ್ಟೇಡಿಯಂ ಪಟ್ಟಿಯಲ್ಲಿದೆ, ನಮ್ಮದಿಲ್ಲ. ಇದಕ್ಕಿಂತ ಅವಮಾನ ಬೇಕಾ?"

ಅವನ ವಾದ ತೆಗೆದುಹಾಕೋ ಹಾಗಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಆರ್ಸೆನಲ್ ಪಂದ್ಯದ ದಿನ ಮಳೆ ಬಂದು, ಛಾವಣಿಯಿಂದ ನೀರು ಜೋಗದ ಹಾಗೆ ಧುಮುಕಿದ್ದನ್ನು ಇಡೀ ಲೋಕ ಫೋನಿನಲ್ಲಿ ನೋಡಿ ನಕ್ಕಿತು. ಹಳೆಯದನ್ನೇ ರಿಪೇರಿ ಮಾಡಿ ಹಿಗ್ಗಿಸಿದರೆ ಸುಮಾರು 87,000 ಸೀಟು ಆಗಬಹುದು ಅಂತ ಲೆಕ್ಕ ಹಾಕಿದ್ದರು. ಆದರೆ ದಕ್ಷಿಣದ ಸ್ಟ್ಯಾಂಡಿನ ಬೆನ್ನಿಗೇ ರೈಲು ಹಳಿ ಇದೆ. ಅದಕ್ಕೇ ಉಳಿದ ಮೂರು ಕಡೆ ಸ್ಟ್ಯಾಂಡು ಮೇಲೆ ಮೇಲೆ ಬೆಳೆದರೂ ಅದೊಂದು ಗಿಡ್ಡಕ್ಕೆ ಉಳಿದಿದೆ. ರಿಪೇರಿ ನಡೆಯುವಷ್ಟು ವರ್ಷ ಅರ್ಧ ಸ್ಟೇಡಿಯಂ ಮುಚ್ಚಿ ಆಡಬೇಕು. ಪಕ್ಕದಲ್ಲಿ ಹೊಸದು ಕಟ್ಟಿದರೆ ಆ ತೊಂದರೆ ಇಲ್ಲ.

ಐದೇ ವರ್ಷದಲ್ಲಿ ಮುಗಿಸ್ತಾರಂತೆ. ಬಿಡಿಭಾಗಗಳನ್ನು ಬೇರೆ ಕಡೆ ತಯಾರಿಸಿ, 160 ದೊಡ್ಡ ತುಂಡುಗಳಾಗಿ ಮ್ಯಾಂಚೆಸ್ಟರ್ ಶಿಪ್ ಕೆನಾಲ್‌ನಲ್ಲಿ ತೇಲಿಸಿಕೊಂಡು ತಂದು ಜೋಡಿಸ್ತಾರಂತೆ. ಅದನ್ನು ಕೇಳಿ ನನಗೂ ಒಂದು ಕ್ಷಣ ರೋಮಾಂಚನವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸ್ಟೇಡಿಯಂ ಹಿಂದೆ ಸರಕು ರೈಲಿನ ಟರ್ಮಿನಲ್ ಇದೆ. ಕೆಂಪು, ನೀಲಿ ಕಂಟೇನರುಗಳು ಮಹಡಿಯ ಮೇಲೆ ಮಹಡಿ ಅಂತ ಪೇರಿಸಿರ್ತಾರೆ, ಕ್ರೇನು ಹಗಲೂ ರಾತ್ರಿ ಓಡಾಡ್ತಿರುತ್ತೆ. ಅದು ಮೊದಲು ಬೇರೆ ಊರಿಗೆ ಹೋಗಬೇಕು. ಹೋಗೋದು ಯಾವಾಗ, ದುಡ್ಡು ಕೊಡೋದು ಯಾರು, ಅದಿನ್ನೂ ತೀರ್ಮಾನ ಆಗಿಲ್ಲ. ಐದು ವರ್ಷದ ಗಡಿಯಾರ ಅದಾದ ಮೇಲೆ ಶುರು.

ನನಗೆ ಗಂಟಲಲ್ಲಿ ಸಿಕ್ಕಿಕೊಂಡಿರೋದು ಕೊಡೆಯಲ್ಲ, ಸೋಮವಾರ ಮತ್ತು ಮಂಗಳವಾರ. ಸೋಮವಾರ ಸಹಮಾಲೀಕ ಜಿಮ್ ರಾಟ್‌ಕ್ಲಿಫ್ ಬಿಬಿಸಿ ಮುಂದೆ ಕೂತು, ಖರ್ಚು ಕಡಿತ ಮಾಡದೇ ಇದ್ದಿದ್ದರೆ ಈ ವರ್ಷದ ಕೊನೆಗೆ ಕ್ಲಬ್ಬಿನ ಕೈಯಲ್ಲಿ ಕಾಸೇ ಇರುತ್ತಿರಲಿಲ್ಲ ಅಂತ ಹೇಳಿದರು. ಮಂಗಳವಾರ 200 ಕೋಟಿ ಪೌಂಡಿನ ಸ್ಟೇಡಿಯಂ. ಇದೇ ಕ್ಲಬ್ಬು ಹೋದ ವರ್ಷ 250 ಜನರನ್ನು ಕೆಲಸದಿಂದ ಬಿಡಿಸಿ, ಈಗ ಇನ್ನೂ 200 ಜನರನ್ನು ಬಿಡಿಸಬಹುದು ಅಂತಿದೆ. ಅಲ್ಲಿಯ ನೌಕರರ ಪುಕ್ಕಟೆ ಊಟಕ್ಕೂ ಕತ್ತರಿ ಬಿತ್ತು. ಸೀಸನ್ ಅರ್ಧ ಮುಗಿದಿರುವಾಗ ಸದಸ್ಯರ ಟಿಕೆಟ್ಟನ್ನು 66 ಪೌಂಡ್ ಮಾಡಿದರು. ಮಕ್ಕಳಿಗೂ ಅಷ್ಟೇ, ಪಿಂಚಣಿ ತಗೊಳ್ಳೋ ಮುದುಕರಿಗೂ ಅಷ್ಟೇ.

ಮಧ್ಯಾಹ್ನ ಭಾವ ಫೋನ್ ಮಾಡಿದರು, ದಾವಣಗೆರೆ ಕಡೆಯ ಹಳ್ಳಿಯಿಂದ. ಅಲ್ಲಿ ಸಂಜೆ, ಡೇರಿಗೆ ಹಾಲು ಹಾಕಿ ಬಂದಿದ್ದರು. ಅವರಿಗೂ ರೊನಾಲ್ಡೊ ಕಾಲದಿಂದ ಯುನೈಟೆಡ್ ಹುಚ್ಚು.

"ಅಲ್ಲಮ್ಮಾ, ಇಷ್ಟು ದೊಡ್ಡ ಖರ್ಚಿಗೆ ಸರ್ವ ಸದಸ್ಯರ ಸಭೆ ಕರೆದಿದ್ರಾ?"

"ಇಲ್ಲ ಭಾವ, ಹಾಗೆಲ್ಲ ಇಲ್ಲ ಇಲ್ಲಿ."

"ನೀನು ಮೆಂಬರ್ ಅಂತಿದ್ದೆ?"

"ಮೆಂಬರ್ ಅಂದ್ರೆ ಟಿಕೆಟ್ ಕೊಳ್ಳೋಕೆ ಅರ್ಜಿ ಹಾಕೋ ಹಕ್ಕು, ಅಷ್ಟೇ."

"ಥೂ! ನಮ್ಮ ಹಾಲಿನ ಸೊಸೈಟಿ ವಾಸಿ ಬಿಡು. ಒಂದು ಹಸು ಇರೋನಿಗೂ ಒಂದೇ ಓಟು, ಹತ್ತು ಹಸು ಇರೋನಿಗೂ ಒಂದೇ ಓಟು. ಹೊಸ ಕಟ್ಟಡ ಕಟ್ಟಬೇಕಾದ್ರೆ ಸೆಕ್ರೆಟರಿ ಲೆಕ್ಕ ಓದಲೇಬೇಕು. ಓದದಿದ್ರೆ ಮೈಕು ಕಿತ್ಕೋತಾರೆ."

ಭಾವನಿಗೆ ಹೇಗೆ ವಿವರಿಸಲಿ ಅಂತ ಯೋಚಿಸಿದೆ. ಇಲ್ಲಿ ಹತ್ತು ಹಸು ಇರೋನಿಗೆ ಹತ್ತಲ್ಲ, ನೂರು ಓಟು. ಯುನೈಟೆಡ್ ಷೇರುಗಳು 2012ರಿಂದ ನ್ಯೂಯಾರ್ಕ್ ಷೇರುಪೇಟೆಯಲ್ಲಿವೆ. ನೀವೂ ನಾನೂ ಕೊಳ್ಳಬಹುದಾದದ್ದು 'ಎ' ವರ್ಗದ ಷೇರು, ಒಂದಕ್ಕೆ ಒಂದು ಓಟು. 'ಬಿ' ವರ್ಗದ್ದು ಒಂದಕ್ಕೆ ಹತ್ತು ಓಟು. ಅದರಲ್ಲಿ ಬಹುಪಾಲು ಕ್ಲಬ್ಬಿನ ಮುಖ್ಯ ಮಾಲೀಕರಾದ ಅಮೆರಿಕದ ಗ್ಲೇಜರ್ ಕುಟುಂಬದ ಕೈಯಲ್ಲಿದೆ. ರಾಟ್‌ಕ್ಲಿಫ್ 2024ರ ಫೆಬ್ರವರಿಯಲ್ಲಿ ಒಳಗೆ ಬಂದು, ಈಗ ಸುಮಾರು 29% ಪಾಲು ಇಟ್ಟುಕೊಂಡಿದ್ದಾರೆ. ಆಟದ ವ್ಯವಹಾರ ಅವರದ್ದು, ಕೊನೆಯ ಬೀಗದ ಕೈ ಗ್ಲೇಜರುಗಳದ್ದು.

ಸಾಲದ ಕತೆಯೂ ಅಲ್ಲಿಂದಲೇ. 2005ರಲ್ಲಿ ಗ್ಲೇಜರುಗಳು ಕ್ಲಬ್ ಕೊಂಡದ್ದು ಸುಮಾರು 79 ಕೋಟಿ ಪೌಂಡಿಗೆ. ಅದರಲ್ಲಿ ದೊಡ್ಡ ಪಾಲು ಸಾಲ. ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಅಲ್ಲಿಯ ತನಕ ಕ್ಲಬ್ಬಿಗೆ ಸಾಲವೇ ಇರಲಿಲ್ಲ. ಮನೆಯನ್ನು ಕೊಂಡೋನು ಸಾಲದ ಕಂತನ್ನು ಮನೆಯ ಬಾಡಿಗೆದಾರರಿಂದ ವಸೂಲಿ ಮಾಡಿದ ಲೆಕ್ಕ. ಇಪ್ಪತ್ತು ವರ್ಷ ಬಡ್ಡಿ ಕಟ್ಟಿದ್ದಾಯ್ತು, ಅಸಲು ಇನ್ನೂ ಅಲ್ಲೇ ಇದೆ. ಆಟಗಾರರನ್ನು ಕೊಂಡ ಬಾಕಿಯನ್ನೂ ಸೇರಿಸಿದರೆ ಒಟ್ಟು ಹೊರೆ 100 ಕೋಟಿ ಪೌಂಡ್ ದಾಟುತ್ತದೆ. 2023-24ರ ಒಂದೇ ವರ್ಷದ ನಷ್ಟ 11.3 ಕೋಟಿ ಪೌಂಡ್. ಇದರ ಮೇಲೆ ಇನ್ನೂ 200 ಕೋಟಿ ಎಲ್ಲಿಂದ ಬರುತ್ತೆ ಅಂತ ನಿನ್ನೆಯ ವಿಡಿಯೊದಲ್ಲಿ ಯಾರೂ ಹೇಳಲಿಲ್ಲ.

ಸರ್ಕಾರ ಕೊಡಲ್ವಾ ಅಂದರು ಭಾವ. ಸುತ್ತಲಿನ ಪ್ರದೇಶದ ಅಭಿವೃದ್ಧಿಗೆ ಬೆಂಬಲ ಅಂತ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಜನವರಿಯಲ್ಲಿ ಹೇಳಿದ್ದಾರೆ. 17,000 ಮನೆ, 92,000 ಕೆಲಸ ಅಂತೆಲ್ಲ ಕ್ಲಬ್ಬಿನವರು ಅಂಕಿ ಬಿಟ್ಟಿದ್ದಾರೆ. ಸ್ಟೇಡಿಯಂ ಖರ್ಚು ಮಾತ್ರ ಕ್ಲಬ್ಬಿನದ್ದೇ. ಕ್ಲಬ್ಬಿನದ್ದು ಅಂದ್ರೆ ಕೊನೆಗೆ ಟಿಕೆಟ್ ಕೊಳ್ಳೋರದ್ದು ಅಲ್ವಾ?

ಸಂಜೆ ಪಕ್ಕದ ಮನೆಯ ತಾತ ಕಾಂಪೌಂಡ್ ಹತ್ತಿರ ಸಿಕ್ಕರು. ಕೈಯಲ್ಲಿ ಪೇಪರು, ಮುಖ ಪುಟದಲ್ಲಿ ಆ ಕೊಡೆ. ಅವರದು ಹಳೇ ಕಾಲದ ಸೀಸನ್ ಟಿಕೆಟ್. ಹಳೆಯದನ್ನು ಕೆಡವುತ್ತಾರೆ ಅಂತ ಅಳ್ತಾರೇನೋ ಅಂದುಕೊಂಡಿದ್ದೆ. ಇಲ್ಲ.

"1992ರಲ್ಲಿ ಸ್ಟ್ರೆಟ್‌ಫರ್ಡ್ ಎಂಡ್ ಸ್ಟ್ಯಾಂಡಿನ ನಿಲ್ಲೋ ಜಾಗ ಒಡೆದು ಸೀಟು ಹಾಕಿದಾಗಲೇ ನಾನು ಅತ್ತಾಯ್ತು. ಕಟ್ಟಡಕ್ಕೆ ಎರಡು ಸಲ ಅಳಲ್ಲ ನಾನು" ಅಂದರು. 1910ಕ್ಕೆ ಮುಂಚೆ ಕ್ಲಬ್ ಇದ್ದದ್ದೇ ಊರಿನ ಇನ್ನೊಂದು ಬದಿ, ಕ್ಲೇಟನ್‌ನಲ್ಲಿ. ದಿವಾಳಿ ಅಂಚಿನಲ್ಲಿದ್ದ ಕ್ಲಬ್ಬನ್ನು 1902ರಲ್ಲಿ ಉಳಿಸಿದ್ದು ಜಾನ್ ಹೆನ್ರಿ ಡೇವೀಸ್ ಅನ್ನೋ ಬಿಯರ್ ವ್ಯಾಪಾರಿ. ಓಲ್ಡ್ ಟ್ರ್ಯಾಫರ್ಡ್ ಕಟ್ಟೋಕೆ ದುಡ್ಡು ಹಾಕಿದ್ದೂ ಅವರೇ. "ಆಗಲೂ ನಮ್ಮ ಕಡೆಯವರನ್ನ ಯಾರೂ ಕೇಳಿರಲಿಲ್ಲ. ಆದ್ರೆ ಆತ ಸ್ವಂತ ಜೇಬಿಂದ ಹಾಕಿದ. ಇವರು ನಮ್ಮ ಜೇಬಿಂದ ಹಾಕ್ತಾರೆ."

ಮ್ಯೂನಿಕ್ ಗಡಿಯಾರದ ಬಗ್ಗೆ ಕೇಳಿದೆ. ಯುನೈಟೆಡ್ ಆಟಗಾರರು ಸತ್ತ 1958ರ ಫೆಬ್ರವರಿ 6ರ ವಿಮಾನ ದುರಂತದ ನೆನಪಿಗೆ ಗೋಡೆಯ ಮೂಲೆಯಲ್ಲಿ ಹಾಕಿರೋದು. ಅದನ್ನ ಬಿಚ್ಚಿ ಹೊಸ ಗೋಡೆಗೆ ಹಾಕ್ತಾರೆ ಬಿಡು, ಹಳೇ ಮ್ಯಾನೇಜರ್ ಬಸ್ಬಿ ಪ್ರತಿಮೆಯೂ ಹೋಗುತ್ತೆ, ಅದು ಸುಲಭದ ಕೆಲಸ ಅಂದರು. ಅಂದಹಾಗೆ ಓಲ್ಡ್ ಟ್ರ್ಯಾಫರ್ಡಿನಲ್ಲಿ ಇದುವರೆಗೆ ಅತಿ ಹೆಚ್ಚು ಜನ ಸೇರಿದ್ದು ಯುನೈಟೆಡ್ ಪಂದ್ಯಕ್ಕಲ್ಲ. 1939ರಲ್ಲಿ ವುಲ್ವ್ಸ್ ಮತ್ತು ಗ್ರಿಮ್ಸ್‌ಬಿ ನಡುವಿನ ಎಫ್‌ಎ ಕಪ್ ಸೆಮಿಫೈನಲ್‌ಗೆ, 76,962 ಜನ. ತಾತ ಇದನ್ನ ಸಿಕ್ಕವರಿಗೆಲ್ಲ ಹೇಳ್ತಾರೆ.

ಅವರ ತಮ್ಮ 2005ರಲ್ಲೇ ಯುನೈಟೆಡ್ ಬಿಟ್ಟವರು. ಗ್ಲೇಜರ್ ಬಂದ ಕೋಪಕ್ಕೆ ಅಭಿಮಾನಿಗಳೇ ಸೇರಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಬೇರೆ ಕ್ಲಬ್ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದು ಓಟು, ಭಾವನ ಸೊಸೈಟಿ ಹಾಗೇ. ಅಭಿಮಾನಿಗಳೇ ಷೇರು ಕೊಂಡು, ಚಂದಾ ಎತ್ತಿ, 2015ರಲ್ಲಿ ಮಾಸ್ಟನ್‌ನಲ್ಲಿ ಬ್ರಾಡ್‌ಹರ್ಸ್ಟ್ ಪಾರ್ಕ್ ಅಂತ ಸ್ವಂತ ಮೈದಾನ ಮಾಡಿಕೊಂಡರು. ಮೊದಲ ಅತಿಥಿ ಪೋರ್ಚುಗಲ್ಲಿನ ಬೆನ್‌ಫಿಕಾ. ಕೇಳೋಕೆ ಎಷ್ಟು ಚೆಂದ! ಆದರೆ ಮರುವರ್ಷವೇ ಅಲ್ಲೂ ಲೆಕ್ಕಪತ್ರ, ಆಡಳಿತ ಅಂತ ದೊಡ್ಡ ರಂಪ ಆಗಿ ಮುಖ್ಯಸ್ಥರು, ಮಂಡಳಿಯವರು ಕೆಳಗಿಳಿದರು. ಓಟು ಇದ್ದರೆ ಜಗಳ ನಿಲ್ಲುತ್ತೆ ಅಂತ ನಾನು ನಂಬಲ್ಲ. ಆದರೆ ಆ ಜಗಳ ಸಭೆಯೊಳಗೆ ನಡೀತು, ಕೆಳಗಿಳಿಸೋಕೆ ಆಯ್ತು. ನಮಗೆ ಅದಿಲ್ಲ. ನಾವು ರಸ್ತೆಗೇ ಬರಬೇಕು. ಮೊನ್ನೆ ಭಾನುವಾರ ಆರ್ಸೆನಲ್ ಪಂದ್ಯಕ್ಕೆ ಮುಂಚೆ ಸಾವಿರಾರು ಜನ ಕಪ್ಪು ಬಟ್ಟೆ ತೊಟ್ಟು ಮೆರವಣಿಗೆ ಮಾಡಿದ್ದು ಅದಕ್ಕೇ. 2021ರ ಮೇ 2ರಂದು ಜನ ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ಪಂದ್ಯ ಮುಂದಕ್ಕೆ ಹೋಗುವ ಹಾಗೆ ಮಾಡಿದ್ದೂ ಅದಕ್ಕೇ. ಯುರೋಪಿನ ದೊಡ್ಡ ಕ್ಲಬ್ಬುಗಳು ತಮ್ಮದೇ ಬೇರೆ ಟೂರ್ನಿ ಮಾಡೋಕೆ ಸೂಪರ್ ಲೀಗ್ ಅನ್ನೋ ಗುಟ್ಟಿನ ಒಪ್ಪಂದ ಮಾಡಿದಾಗಲೂ ಯಾರನ್ನೂ ಕೇಳಿರಲಿಲ್ಲ.

ಅಭಿಪ್ರಾಯ ಕೇಳಿದ್ದಾರೆ, ಸಮೀಕ್ಷೆ ಮಾಡಿದ್ದಾರೆ ಅಂತ ಕಲ್ಲಿಕೋಟೆ ಹುಡುಗ ನೆನಪಿಸಿದ. ನಿಜ, ಉತ್ತರ ಕೊಟ್ಟವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಹೊಸದೇ ಇರಲಿ ಅಂದರು. ಆದರೆ ಮನೆ ಕಟ್ಟೋ ಮೇಸ್ತ್ರಿ "ಹೊಸದಾ, ಹಳೇದಾ" ಅಂತ ಕೇಳಿ ಎಸ್ಟಿಮೇಟ್ ಜೇಬಲ್ಲೇ ಇಟ್ಟುಕೊಂಡರೆ ಆಯ್ತಾ? ಅಭಿಮಾನಿಗಳ ಸಪೋರ್ಟರ್ಸ್ ಟ್ರಸ್ಟ್ ನಿನ್ನೆ ಎತ್ತಿದ ಪ್ರಶ್ನೆಗಳೂ ಇದೇ ಜಾಡಿನವು. ಟಿಕೆಟ್ ದರ ಏರುತ್ತಾ? ಸಾಲ ಏರುತ್ತಾ? ತಂಡಕ್ಕೆ ಹಾಕೋ ದುಡ್ಡಿಗೆ ಹೊಡೆತ ಬೀಳುತ್ತಾ?

ಕ್ಲಬ್ಬುಗಳ ಮೇಲೆ ಕಣ್ಣಿಡೋಕೆ ಒಂದು ಸ್ವತಂತ್ರ ನಿಯಂತ್ರಕ ಬರಲಿದೆ, ಮಸೂದೆ ಈಗ ಪಾರ್ಲಿಮೆಂಟಿನಲ್ಲಿದೆ. ಮೈದಾನ ಮಾರೋಕೆ, ಬೇರೆ ಕಡೆ ಹೋಗೋಕೆ ಅವರ ಒಪ್ಪಿಗೆ ಬೇಕಾಗುತ್ತಂತೆ. ಬರಲಿ. ಸಾಲದ ಕಾಗದ ತೆಗೆದು ಮೇಜಿನ ಮೇಲಿಡಿ ಅನ್ನೋ ಧೈರ್ಯ ಅವರಿಗಿದ್ದರೆ ಸಾಕು.

ನಾನು ಹೊಸದರ ಪಕ್ಷವೇ, ಹೇಳಿಬಿಡ್ತೀನಿ. ಸೋರೋ ಛಾವಣಿ ಕೆಳಗೆ ಕೂತು ಚರಿತ್ರೆ ಅಂತ ಹೆಮ್ಮೆ ಪಡೋದು ನನ್ನಿಂದಾಗಲ್ಲ. ಆದರೆ ಲಕ್ಷ ಸೀಟಿನಲ್ಲಿ ಎಷ್ಟು ಸೀಟು ಸಾಮಾನ್ಯ ದರಕ್ಕೆ, ಎಷ್ಟು ಸೀಟು ಊಟ ವೈನಿನ ಪ್ಯಾಕೇಜಿಗೆ ಅಂತ ಮೊದಲೇ ಬರೆದುಕೊಡಲಿ. ತಾತ ಇದಕ್ಕೂ ಒಪ್ಪಲಿಲ್ಲ. ಬರೆದುಕೊಟ್ಟರೂ ಮಾಲೀಕ ಬದಲಾದರೆ ಆ ಕಾಗದ ಯಾರು ನೋಡ್ತಾರೆ ಅಂದರು. ಹಾಗಾದ್ರೆ ಏನು ಮಾಡೋಣ ಹೇಳಿ ಅಂದೆ. ಮೊದಲು ಗ್ಲೇಜರ್ ಹೋಗಲಿ, ಆಮೇಲೆ ಇಟ್ಟಿಗೆ ಬರಲಿ ಅಂದರು. 2005ರಿಂದ ಅವರ ಬೇಡಿಕೆ ಬದಲಾಗಿಲ್ಲ.

ನಾಳೆ ರಾತ್ರಿ ರಿಯಲ್ ಸೊಸಿಯೆಡಾಡ್ ಪಂದ್ಯ. ಅವರ ಜೊತೆ ಸ್ಪೇನಿನಲ್ಲಿ ಆಡಿದ ಮೊದಲ ಪಂದ್ಯ 1-1 ಆಗಿದೆ. ಲೀಗಿನಲ್ಲಿ ಈ ಸಲ ಮುಖ ತೋರಿಸೋ ಹಾಗಿಲ್ಲ, ಯುರೋಪಾ ಲೀಗ್ ಟೂರ್ನಿ ಒಂದೇ ಆಸರೆ. ಹುಡುಗನಿಗೆ ರಾತ್ರಿ ಡ್ಯೂಟಿ ಇತ್ತು, ನನ್ನ ಜೊತೆ ಬದಲಾಯಿಸಿಕೊಂಡಿದ್ದಾನೆ. ಸ್ಕೋರು ಮೆಸೇಜ್ ಮಾಡಬೇಡ ಅಂತ ಹೇಳಿದೀನಿ, ರಿಕಾರ್ಡಿಂಗ್ ನೋಡ್ಕೋತೀನಿ. ಭಾವ ಮಾತ್ರ ಬೆಳಗಿನ ಜಾವದ ತನಕ ಎದ್ದಿದ್ದು ಲೈವ್ ನೋಡ್ತಾರಂತೆ, ಹೇಗೂ ಹಾಲು ಕರೆಯೋಕೆ ಏಳಬೇಕಲ್ಲ ಅಂತ.