ಹೆಬ್ಬೆರಳು ಹೇಳಿದ ಸುಳ್ಳು

ಶುಕ್ರವಾರ, 14 ಜೂನ್ 2024

ಇಂದು ಬೆಳಿಗ್ಗೆ ಅಪ್ಪನ ನಾಡಿ ನೋಡಲು ಕುಳಿತ ನಾನು ಮೊದಲು ಎಣಿಸಿದ್ದು ನನ್ನದೇ ನಾಡಿಯನ್ನು. ಅವರ ಮಣಿಕಟ್ಟಿನ ಮೇಲೆ ಹೆಬ್ಬೆರಳನ್ನೊತ್ತಿ ಗಡಿಯಾರ ನೋಡುತ್ತ ಎಣಿಸಿದಾಗ ನಿಮಿಷಕ್ಕೆ 84 ಬಂದಿತು. ಅವರ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಮೀಟರ್ ಮಾತ್ರ 54 ಎಂದು ತೋರಿಸುತ್ತಿತ್ತು. ಹೆಬ್ಬೆರಳಿಗೂ ತನ್ನದೇ ಮಿಡಿತವಿರುವುದರಿಂದ ಹೀಗೆ ಮೋಸಹೋಗುವುದುಂಟು. ಬಳಿಕ ತೋರುಬೆರಳು ಮತ್ತು ನಡುಬೆರಳನ್ನು ಅವರ ಹೆಬ್ಬೆರಳ ಬುಡಕ್ಕಿಂತ ತುಸು ಕೆಳಗಿನ ತಗ್ಗಿನಲ್ಲಿ ಹಗುರವಾಗಿ ಇರಿಸಿದಾಗ, ಸುಕ್ಕುಗಟ್ಟಿದ ತೆಳು ಚರ್ಮದಡಿಯಲ್ಲಿ ಸಾವಕಾಶದ ತುಡಿತವೊಂದು ಸಿಕ್ಕಿತು. ಪೂರ್ತಿ ಒಂದು ನಿಮಿಷ ಎಣಿಸಿದೆ. 54. ಆ 84 ನನ್ನ ಗಾಬರಿಯ ಲೆಕ್ಕವಾಗಿತ್ತು.

ವಯಸ್ಕರಲ್ಲಿ ವಿಶ್ರಾಂತಿಯ ಹೃದಯ ಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರವರೆಗೆ ಇರುತ್ತದೆ, ವೃದ್ಧರಿಗೂ ಇದೇ ಮಿತಿ ಅನ್ವಯಿಸುತ್ತದೆ. ವಯಸ್ಸಾದಂತೆ ಕುಗ್ಗುವುದು ಶ್ರಮಪಟ್ಟಾಗ ಹೃದಯ ಮುಟ್ಟಬಲ್ಲ ಗರಿಷ್ಠ ವೇಗ. ಸುಮ್ಮನೆ ಕುಳಿತಾಗಿನ ಅಂಕಿ ಅಷ್ಟಾಗಿ ಬದಲಾಗುವುದಿಲ್ಲ. ಹಾಗಿದ್ದರೆ 54 ಏಕೆ ಎಂದು ಯೋಚಿಸುವಾಗ ಮಾತ್ರೆಯ ಡಬ್ಬಿ ಕಣ್ಣಿಗೆ ಬಿತ್ತು. ಅಪ್ಪ ರಕ್ತದೊತ್ತಡಕ್ಕೆಂದು ವರ್ಷಗಳಿಂದ ನುಂಗುತ್ತಿರುವ ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಗುಂಪಿಗೆ ಸೇರಿದ ಔಷಧಿ, ಬಡಿತವನ್ನು ನಿಧಾನಗೊಳಿಸುವುದು ಅದರ ಸ್ವಭಾವವೇ ಆಗಿದೆ. ತಲೆಸುತ್ತು, ಕಣ್ಣು ಕತ್ತಲಿಡುವುದು, ವಿಪರೀತ ಸುಸ್ತು ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ, "ನನಗೇನೂ ಇಲ್ಲ, ನಿನ್ನ ಮುಖವೇ ಬಿಳಿಚಿಕೊಂಡಿದೆ" ಎಂದರು. ಆದರೂ ವೈದ್ಯರಿಗೆ ಫೋನ್ ಮಾಡಿದೆ. ಮಾತ್ರೆಯನ್ನು ನಾವಾಗಿಯೇ ಹಠಾತ್ತನೆ ನಿಲ್ಲಿಸಬಾರದೆಂದೂ, ತಲೆಸುತ್ತು ಬಂದರೆ ಅಥವಾ ಬಡಿತ ಇನ್ನೂ ಇಳಿದರೆ ಕರೆತರಬೇಕೆಂದೂ, ಎಚ್ಚರ ತಪ್ಪಿದರೆ, ಎದೆನೋವು ಇಲ್ಲವೇ ಉಸಿರಾಟದ ತೊಂದರೆ ಕಾಣಿಸಿದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಬೇಕೆಂದೂ ಅವರು ಹೇಳಿದರು.

ವೈದ್ಯರು ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಬಡಿತ ಸಮನಾಗಿದೆಯೇ? ಅಂಕಿಯ ಬೆನ್ನು ಹತ್ತಿದ್ದ ನಾನು ಲಯವನ್ನು ಗಮನಿಸಿರಲೇ ಇಲ್ಲ. ವೃದ್ಧಾಪ್ಯದಲ್ಲಿ ಹೆಚ್ಚಾಗಿ ಕಾಣುವ, ಹೃದಯದ ಲಯ ಕೆಡುವ ತೊಂದರೆಯಾದ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಬಡಿತಗಳ ನಡುವಿನ ಅಂತರಕ್ಕೆ ಯಾವ ಕ್ರಮವೂ ಇರುವುದಿಲ್ಲ, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು. ಆಗ ಕೆಲವು ದುರ್ಬಲ ಬಡಿತಗಳು ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲವಾದ್ದರಿಂದ ಬೆರಳಿನ ಎಣಿಕೆಯೂ ಯಂತ್ರದ ಅಂಕಿಯೂ ತಪ್ಪಬಹುದು. ಖಚಿತಪಡಿಸಿಕೊಳ್ಳಲು ಇಸಿಜಿ ಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಆತುರದಲ್ಲಿ ಇಂಥ ಏರುಪೇರು ಕೈತಪ್ಪಿಹೋಗುತ್ತದೆ.

ಸಂಜೆ ಅಪ್ಪನನ್ನು ಹತ್ತು ನಿಮಿಷ ಮಾತಿಲ್ಲದೆ ಕೂರಿಸಿ (ಅದೇ ಕಷ್ಟದ ಕೆಲಸ) ಮತ್ತೆ ಬೆರಳಿಟ್ಟೆ. 56, ಎಲ್ಲಿಯೂ ತಪ್ಪದ ಸಮ ಲಯ. ಸಮಯ, ಮಾತ್ರೆ ನುಂಗಿದ ಹೊತ್ತು, ಲಯ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಬೆಳಗಿನ 84ನ್ನು ಹೊಡೆದುಹಾಕಲು ಹೊರಟಾಗ ಅಪ್ಪ ತಡೆದು, ಅದರ ಪಕ್ಕದಲ್ಲಿ ನನ್ನ ಹೆಸರು ಬರೆಸಿದರು.